ಬಿಡಿಸದ ಹಾಳೆಗಳು

ಜನವರಿ ೬

ಅತ್ತೆ,

ನೀವು ಬೈಯೋಕೆ ಮೊದಲೇ ಒಪ್ಪಿಕೊಂಡುಬಿಡ್ತೀನಿ, ತಿಂಗಳುಗಟ್ಟಲೆ ಪತ್ರ ಬರೆದಿಲ್ಲ. ಇಲ್ಲಿ ಪಿಯಾನೊ ಇರೋ ಕೋಣೆಗಳು ಕಡಿಮೆ, ನುಡಿಸೋರು ಜಾಸ್ತಿ. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಕಾಯೋದರಲ್ಲೇ ಅರ್ಧ ದಿನ ಹೋಗುತ್ತೆ. ಈ ಪತ್ರವನ್ನೂ ಆ ಬೆಂಚಿನ ಮೇಲೇ ಬರೀತಿದ್ದೀನಿ. ಒಳಗೆ ಯಾವನೋ ಒಂದೇ ಸಾಲನ್ನ ಬಡಿದೂ ಬಡಿದೂ ನನ್ನ ತಲೆ ಚಿಟ್ಟು ಹಿಡಿಸಿದ್ದಾನೆ.

ಪರೀಕ್ಷೆ ಮಾರ್ಚ್ ಹನ್ನೆರಡಕ್ಕೆ. ಹೋದ ವರ್ಷ ನುಡಿಸ್ತಾ ನಡುವೆ ಮರೆತು, ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದು ನಿಮಗೆ ಗೊತ್ತೇ ಇದೆ. ಈ ಸಲವೂ ಹೋದರೆ ಕಾಲೇಜು ಬಿಡಬೇಕು. ಅದು ಇಲ್ಲಿನ ನಿಯಮ, ಯಾರಿಗೂ ರಿಯಾಯಿತಿ ಇಲ್ಲ. ಅಪ್ಪನಿಗೆ ಇಷ್ಟು ಬಿಡಿಸಿ ಹೇಳಿಲ್ಲ. ನಿಮ್ಮ ತಮ್ಮನ ವಿಷಯ ನಿಮಗೆ ಹೇಳಬೇಕಾ? ರಾತ್ರಿಯೆಲ್ಲ ಓಡಾಡಿ ಮನೆಮಂದಿಯ ನಿದ್ದೆ ಕೆಡಿಸ್ತಾರೆ.

ಒಂದು ಸಹಾಯ ಆಗಬೇಕಿತ್ತು. ನನ್ನ ರೂಮ್‌ಮೇಟ್‌ಗೆ ಬಲಗೈಯ ಉಂಗುರದ ಬೆರಳು ಸರಿಯಾಗಿ ಏಳ್ತಿಲ್ಲ. ವೇಗ ಹೆಚ್ಚಾದಾಗ ತಾನಾಗೇ ಒಳಕ್ಕೆ ಮಡಚಿಕೊಳ್ಳುತ್ತೆ, ಆಮೇಲೆ ಮುಂಗೈಯೆಲ್ಲ ನೋಯುತ್ತೆ. ಬೆರಳು ಗಟ್ಟಿ ಮಾಡೋ ಪುಸ್ತಕ ನಿಮ್ಮ ಲೈಬ್ರರಿಯಲ್ಲಿ ಇದ್ದರೆ ಕಳಿಸ್ತೀರಾ? ಜೊತೆಗೆ ನನಗೂ ಓದೋಕೆ ಏನಾದರೂ ಇರಲಿ. ಸರದಿ ಸಿಗದಾಗ ಪಿಯಾನೊ ಬಗ್ಗೆ ಓದಿಕೊಂಡಾದರೂ ಕೂರಬಹುದು.

ರೂಮ್‌ಮೇಟ್‌ಗೆ ಸ್ವಲ್ಪ ಅವಸರ.

ನಿಮ್ಮ ಗುಬ್ಬಿ


ಜನವರಿ ೧೫

ಗುಬ್ಬಿ,

ಕೆಲಸ ಬಿದ್ದಾಗ ಮಾತ್ರ ಅತ್ತೆ ನೆನಪಾಗ್ತಾಳೆ. ಇರಲಿ, ಹಾಗಾದರೂ ನೆನಪಾದೆನಲ್ಲ.

ಒಳ್ಳೆ ಹೊತ್ತಿಗೆ ಕೇಳಿದ್ದೀಯ. ನಮ್ಮ ಲೈಬ್ರರಿಯಲ್ಲಿ ಕಿಟಕಿ ಪಕ್ಕದ ಕಪಾಟನ್ನ ಖಾಲಿ ಮಾಡಿಸಿ ಮೇಲೊಂದು ಬೋರ್ಡು ಬರೆಸಿ ಹಾಕಿದ್ದೀನಿ: 'ಪಿಯಾನೊ ಪ್ರೀತಿಸೋರು ಓದಬೇಕಾದವು'. ಪ್ರತಿ ಪುಸ್ತಕಕ್ಕೂ ಒಂದು ಚೀಟಿ, ಅದನ್ನ ಯಾಕೆ ಓದಬೇಕು ಅಂತ. ನಾನು ಜನ್ಮದಲ್ಲಿ ಒಂದು ಸ್ವರ ನುಡಿಸಿದವಳಲ್ಲ. ಆದರೆ ಪುಸ್ತಕ ಓದದೆ ಚೀಟಿ ಬರೆದವಳೂ ಅಲ್ಲ. ಕಮಿಟಿಯವರು ಬಂದು ನೋಡಿ ತಲೆ ಆಡಿಸಿ ಹೋದರು. ಕೆಮ್ಮು ಮೇಷ್ಟ್ರು ಅಂತೂ ಅಲ್ಲೇ ಠಿಕಾಣಿ ಹೂಡಿದ್ದಾರೆ. ಅವರ ಬಗ್ಗೆ ಹೇಳಿದ್ದೆನಾ? ರಿಟೈರಾದ ಲೆಕ್ಕದ ಮೇಷ್ಟ್ರು, ಪೇಪರಿನ ಪುಟಕ್ಕೊಂದು ಸಲ ಕೆಮ್ಮುತ್ತಾರೆ. ಈ ವಯಸ್ಸಲ್ಲಿ ಪಿಯಾನೊ ಕಲೀತಿದ್ದಾರೆ. ಪಕ್ಕದ ಮನೆಯವರು ಬೇರೆ ಮನೆ ಹುಡುಕ್ತಿದ್ದಾರಂತೆ.

ನಿನಗೆ ಎರಡು ಕಳಿಸ್ತಿದ್ದೀನಿ. ಒಂದು, ಪಿಯಾನೊ ಮಾಡೋ ಮನೆತನದ ಕಥೆ. ಅಜ್ಜ ಒಣಗೋಕೆ ಇಟ್ಟ ಮರದಲ್ಲಿ ಮೊಮ್ಮಗ ಪಿಯಾನೊ ಮಾಡ್ತಾನೆ. ಕಾಯೋದು ಅಂದರೇನು ಅಂತ ಗೊತ್ತಾಗುತ್ತೆ, ನಿನ್ನ ಬೆಂಚಿಗೆ ಸರಿಯಾದ ಪುಸ್ತಕ. ಇನ್ನೊಂದು, ದೊಡ್ಡ ದೊಡ್ಡ ಸಭಾಂಗಣಗಳಿಗೆ ಪಿಯಾನೊ ಹೊತ್ತು ಸಾಗಿಸಿದವನ ನೆನಪುಗಳು. ಮೆಟ್ಟಿಲ ಮೇಲೆ ಹಗ್ಗ ಜಾರೋ ಅಧ್ಯಾಯ ಓದುವಾಗ ನಾನು ಕುರ್ಚಿ ಕೈ ಹಿಡಿದುಕೊಂಡಿದ್ದೆ. ಸಂಗೀತ ಕಚೇರಿ ಶುರುವಾದಾಗ ಅವನು ಬಾಗಿಲ ಹಿಂದೆ ನಿಂತು ಕೇಳ್ತಾನೆ, ಕೈಯೆಲ್ಲ ಬೊಬ್ಬೆ. ಇದನ್ನ ಓದಿದ ಮೇಲೆ ಪಿಯಾನೊ ಮುಚ್ಚಳ ಧಡಾರಂತ ಮುಚ್ಚೋಕೆ ನಿನಗೆ ಮನಸ್ಸು ಬರಲ್ಲ.

ನಿನ್ನ ರೂಮ್‌ಮೇಟ್‌ಗೆ 'ಹತ್ತು ಬೆರಳಿನ ಶಾಲೆ'. ಹಳೇ ಕಾಲದ ಒಬ್ಬ ಗುರು ಬರೆದದ್ದು. ಬೆರಳಿನ ವಿಷಯದಲ್ಲಿ ಇದಕ್ಕಿಂತ ಖಡಾಖಂಡಿತವಾಗಿ ಮಾತಾಡಿದವರನ್ನ ನಾನು ಕಂಡಿಲ್ಲ. ನಮ್ಮಲ್ಲಿ ಎರಡು ಪ್ರತಿ ಇದ್ದವು. ಒಂದು ನೂರು ಕೈ ದಾಟಿ ಜೂಲು ಜೂಲಾಗಿದೆ. ಇನ್ನೊಂದು ಯಾರೂ ಮುಟ್ಟದ್ದು, ಕಮಿಟಿಗೆ ಹೇಳಿ ನಿನ್ನ ಹೆಸರಿಗೆ ಉಡುಗೊರೆ ಮಾಡಿಸಿದೆ. ಆ ಹುಡುಗಿ ಓದಿ ಮುಗಿಸಿದ ಮೇಲೆ ನಿನ್ನ ಹತ್ತಿರವೇ ಇರಲಿ.

ಊಟ ಬಿಟ್ಟು ನುಡಿಸಬೇಡ.

ಅತ್ತೆ


ಜನವರಿ ೩೦

ಅತ್ತೆ,

ಪುಸ್ತಕಗಳು ಬಂದವು. ಪಿಯಾನೊ ಹೊತ್ತವನ ಪುಸ್ತಕ ಬೆಂಚಿನ ಮೇಲೇ ಮುಗೀತು. ನನ್ನ ಸರದಿ ಕರೆದಾಗಲೂ ಏಳಲಿಲ್ಲ, ಆಮೇಲೆ ಇಡೀ ದಿನ ಪಶ್ಚಾತ್ತಾಪ ಪಟ್ಟೆ.

ನಿಮ್ಮ ಅಕ್ಷರ ಯಾಕೆ ಅಷ್ಟು ದಪ್ಪ, ಅಷ್ಟು ದೊಡ್ಡದು? ಒಂದು ಹಾಳೆಗೆ ನಾಲ್ಕು ಸಾಲು. ನಾನೇನು ಒಂದನೇ ಕ್ಲಾಸಾ?

ನಾನು ಪೆನ್ಸಿಲಲ್ಲಿ ಬರೀತಿದ್ದೀನಿ. ಪೆನ್ನು ಒತ್ತಿ ಹಿಡಿದರೆ ನೋಯುತ್ತೆ. ಅಂದ ಮೇಲೆ ನಿಮಗೆ ಅರ್ಥವಾಗಿರಬೇಕು. ರೂಮ್‌ಮೇಟ್‌ದೇನೂ ಅಲ್ಲ ಅತ್ತೆ, ಅದು ನನ್ನ ಬೆರಳು. ಅವಳು ಗಟ್ಟಿಗಿತ್ತಿ, ಅವಳ ಬೆರಳಿಗೆ ಏನೂ ಆಗಿಲ್ಲ. ಮೊದಲ ಪತ್ರದಲ್ಲೇ ಹೇಳೋಕೆ ಹೆದರಿಕೆ ಆಯ್ತು. ಬರೆದುಬಿಟ್ಟರೆ ನಿಜವಾಗಿಬಿಡುತ್ತೆ ಅನ್ನಿಸ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ನಮ್ಮ ಪಿಯಾನೊ ಮೇಡಂ ಪರೀಕ್ಷೆ ಪಟ್ಟಿಯಿಂದ ನನ್ನ ಹೆಸರು ತೆಗೀತಾರೆ, ಅದೂ ಫೇಲಾದ ಲೆಕ್ಕವೇ. ಅಪ್ಪನಿಗೂ ಹೇಳಬೇಡಿ. ನಿಮ್ಮೊಬ್ಬರಿಗೇ ಹೇಳ್ತಿರೋದು.

'ಹತ್ತು ಬೆರಳಿನ ಶಾಲೆ' ಹೇಳಿದ ಹಾಗೆ ಮಾಡ್ತಿದ್ದೀನಿ. ಉಳಿದ ನಾಲ್ಕು ಬೆರಳನ್ನ ಒತ್ತಿ ಹಿಡಿದು ಉಂಗುರದ ಬೆರಳನ್ನ ಮಾತ್ರ ಎತ್ತಬೇಕು, ಸೋತರೂ ಎತ್ತಬೇಕು. ನೋವು ಬಂದಾಗ ಹೆದರಬೇಡಿ, ಅದು ಹೊಸ್ತಿಲು, ದಾಟಿ ಅಂತಾರೆ ಆ ಗುರುಗಳು. ಹೊಸ್ತಿಲು ತುಂಬಾ ಎತ್ತರ ಇದೆ ಅತ್ತೆ. ಆದರೂ ದಾಟ್ತೀನಿ.

ಪುಸ್ತಕ ಎಷ್ಟು ಹೊಸದು ಅಂದರೆ ಹಾಳೆಗಳ ಅಂಚೇ ಕತ್ತರಿಸಿಲ್ಲ, ಎರಡೆರಡು ಹಾಳೆ ಸೇರಿಕೊಂಡೇ ಇವೆ. ಅರ್ಧದವರೆಗೆ ಊಟದ ಚಾಕುವಲ್ಲಿ ಬಿಡಿಸಿಕೊಂಡೆ. ಅಭ್ಯಾಸದ ಸ್ವರಗಳು ಅಲ್ಲಿಗೇ ಮುಗೀತಾವೆ. ಮುಂದಿನ ಹಾಳೆಗಳ ಸಂದಿಯಲ್ಲಿ ಇಣುಕಿದೆ, ಬರೀ ಬರವಣಿಗೆ. ಅದನ್ನ ಪರೀಕ್ಷೆ ಆದ ಮೇಲೆ ಓದ್ತೀನಿ.

ಒಂದು ಮಾತು ಬರೀರಿ. ಮುಂದುವರಿಸಲಾ, ಬೇಡವಾ?

ಗುಬ್ಬಿ


ಫೆಬ್ರವರಿ ೧೦

ಗುಬ್ಬಿ,

ನಿನ್ನ ಪತ್ರ ಬಂದು ಸಂತೋಷ ಆಯ್ತು. ಪುಸ್ತಕಗಳು ತಲುಪಿದವು ಅಂತ ತಿಳೀತು.

ನಿನ್ನ ರೂಮ್‌ಮೇಟ್‌ ಹೇಗಿದ್ದಾಳೆ? ಪಾಪ, ಅವಳಿಗೆ ಧೈರ್ಯ ಹೇಳು. ಪುಸ್ತಕ ಹೇಳಿದ್ದನ್ನ ಚಾಚೂ ತಪ್ಪದೆ ಮಾಡಲಿ. ಅರ್ಧಂಬರ್ಧ ಮಾಡಿದರೆ ಯಾವ ವಿದ್ಯೆಯೂ ಹತ್ತಲ್ಲ. ನಿನಗೆ ಅಂಥ ತೊಂದರೆ ಇಲ್ಲವಲ್ಲ ಅನ್ನೋದೇ ನನಗೆ ಸಮಾಧಾನ. ನಿನ್ನ ಕೈ ನಿನ್ನ ಅಜ್ಜಿಯ ಕೈ. ಅವಳು ದಿನವಿಡೀ ಹೊಲಿಗೆ ಮಿಷನ್ ಮುಂದೆ ಕೂತರೂ ದಣಿದವಳಲ್ಲ.

ಕಪಾಟಿಗೆ ಈಗ ಹೊಸ ಗಿರಾಕಿಗಳು. ಒಬ್ಬಳು ನರ್ಸು ಬಂದು, ಪಿಯಾನೊ ಕೇಳೋಕೆ ಇಷ್ಟ, ಆದರೆ ಕೇಳ್ತಾ ಏನು ಯೋಚಿಸಬೇಕು ಅಂತ ಗೊತ್ತಾಗಲ್ಲ ಅಂದಳು. ಅವಳಿಗೆ 'ಕೊನೆಯ ಸಾಲಿನ ಕುರ್ಚಿ' ಕೊಟ್ಟೆ. ಬದುಕೆಲ್ಲ ಅಗ್ಗದ ಟಿಕೆಟ್ಟಲ್ಲಿ ಕೂತು ಕೇಳಿದವನೊಬ್ಬ ಬರೆದದ್ದು. ಏನೂ ಯೋಚಿಸಬೇಡಿ, ಮುಂದಿನವರ ಕತ್ತು ನೋಡ್ತಾ ಕೂತಿರಿ, ಸಂಗೀತ ತಾನೇ ಬಂದು ಹುಡುಕುತ್ತೆ ಅಂತಾನೆ. ಅವಳು ಅದನ್ನ ಎರಡನೇ ಸಲ ತೆಗೆದುಕೊಂಡು ಹೋಗಿದ್ದಾಳೆ.

ಚೆನ್ನಾಗಿ ನುಡಿಸು. ನಿನ್ನ ಬಗ್ಗೆ ನನಗೆ ಚಿಂತೆಯೇ ಇಲ್ಲ.

ಅತ್ತೆ


ಫೆಬ್ರವರಿ ೨೬

ಅತ್ತೆ,

ಇಷ್ಟು ದಿನ ಬರೆಯದೆ ಇದ್ದಿದ್ದು ಬೇಕಂತಲೇ. ನಿಮಗೆ ದೊಡ್ಡ ಅಕ್ಷರವೇ ಇಷ್ಟ ಅಲ್ಲವಾ? ತಗೊಳ್ಳಿ, ಬಣ್ಣದ ಬ್ರಷ್ಷಲ್ಲಿ ಬರೀತಿದ್ದೀನಿ.

ಅದು ನನ್ನ ಬೆರಳು.

ರೂಮ್‌ಮೇಟ್‌ದಲ್ಲ. ನನ್ನದು.

ಹೋದ ಪತ್ರದಲ್ಲಿ ಎಲ್ಲಾ ತೋಡಿಕೊಂಡೆ. ನೀವು ಕೇಳಿಸದವರ ಹಾಗೆ ನಟಿಸಿ ಅಜ್ಜಿಯ ಮಿಷನ್ ಕಥೆ ಬರೆದಿರಿ. ನನಗೆ ಅರ್ಥವಾಯ್ತು. ಆ ಮಾತು ಎತ್ತಬೇಡ, ಬಾಯಿ ಮುಚ್ಚಿಕೊಂಡು ನುಡಿಸು ಅಂತ. ಸರಿ, ಎತ್ತಲ್ಲ. ಆದರೆ ತುಂಬಾ ನೋವಾಯ್ತು ಅತ್ತೆ. ಬೆರಳಿನ ನೋವಿಗಿಂತ ಜಾಸ್ತಿ.

ಬೆರಳು ಈಗ ನೋಯ್ತಿಲ್ಲ. ಮೂರು ದಿನದಿಂದ ಮರಗಟ್ಟಿದ ಹಾಗಿದೆ. ಹೊಸ್ತಿಲು ದಾಟಿದೆ ಅಂತ ಕಾಣುತ್ತೆ.

ಗುಬ್ಬಿ


ಮಾರ್ಚ್ ೩

ಗುಬ್ಬಿ,

ಇದನ್ನ ಓದಿದ ತಕ್ಷಣ ಆ ಅಭ್ಯಾಸ ನಿಲ್ಲಿಸು. ಮಿಕ್ಕಿದ್ದು ಆಮೇಲೆ ಓದು.

ನಿಲ್ಲಿಸಿದೆಯಾ? ಈಗ ಕೇಳು.

ನಾನು ನಟಿಸಲಿಲ್ಲ. ನಿನ್ನ ಪೆನ್ಸಿಲ್ ಪತ್ರ ನನಗೆ ಕಾಣಲೇ ಇಲ್ಲ. ಬೂದಿ ಬಣ್ಣದ ಹಾಳೆ, ಅದರ ಮೇಲೆ ಬೂದಿ ಬಣ್ಣದ ಗೆರೆ. ಕಿಟಕಿ ಹತ್ತಿರ ಹಿಡಿದೆ, ದೀಪದ ಕೆಳಗೆ ಹಿಡಿದೆ, 'ಪುಸ್ತಕಗಳು ಬಂದವು' ಅನ್ನೋದು ಮಾತ್ರ ದಕ್ಕಿತು. ಉಳಿದದ್ದನ್ನ ಊಹೆ ಮಾಡಿ ಉತ್ತರ ಬರೆದೆ. ಒಂದು ವರ್ಷದಿಂದ ನನ್ನ ಕಣ್ಣು ಮಂಜು. ಆಪರೇಷನ್ ಆಗಬೇಕು ಅಂತಾರೆ. ಲೈಬ್ರರಿಯಲ್ಲಿ ಓದೋಕೆ ಬರದವಳನ್ನ ಯಾರು ಇಟ್ಟುಕೊಳ್ತಾರೆ ಅಂತ ಬಾಯಿ ಬಿಡಲಿಲ್ಲ. ನಿನ್ನ ಕೆಂಪು ಬ್ರಷ್ಷಿನ ಅಕ್ಷರ ನೋಡು, ಅಷ್ಟನ್ನೂ ಓದಿದೆ. ನೀನು ಚುಚ್ಚೋಕೆ ಬರೆದದ್ದೇ ಒಳ್ಳೇದಾಯ್ತು.

ತಕ್ಷಣ ಹಳೇ ಪತ್ರ ತೆಗೆದು ಕೆಮ್ಮು ಮೇಷ್ಟ್ರ ಕೈಗೆ ಕೊಟ್ಟು ಓದಿಸಿದೆ. ಅವರು ನಿನ್ನ ಪೆನ್ಸಿಲ್ ಸಾಲುಗಳನ್ನ ಒಂದೊಂದಾಗಿ ಓದ್ತಾ ಹೋದರು, ನಾನು ಕುರ್ಚಿಯಲ್ಲಿ ಹಿಡಿಯಷ್ಟಾದೆ. ಹಾಳೆ ಬಿಡಿಸಿಲ್ಲ ಅನ್ನೋ ಸಾಲು ಬಂದಾಗ ಅವರು ಓದು ನಿಲ್ಲಿಸಿದರು. ಮೇಡಂ, ನೀವಾದರೂ ಉಳಿದರ್ಧ ಓದಿದ್ದೀರಾ ಅಂದರು.

ಓದಿರಲಿಲ್ಲ ಕಣೇ. ಜೂಲು ಪ್ರತಿಯನ್ನ ಅರ್ಧ ಓದುವಷ್ಟರಲ್ಲಿ ಅಕ್ಷರ ಕಲಸಿಕೊಳ್ಳೋಕೆ ಶುರುವಾಗಿತ್ತು. ಇನ್ನು ಮುಂದೆಯೂ ಇದೇ ಇರುತ್ತೆ ಅಂದುಕೊಂಡು ಚೀಟಿ ಬರೆದುಬಿಟ್ಟೆ. ಓದದೆ ಬರೆದ ಮೊದಲ ಚೀಟಿ, ಅದೂ ನಿನ್ನ ಕೈಗೇ ಹೋಗಿ ಬಿತ್ತು.

ಮೇಷ್ಟ್ರು ಅಲ್ಲೇ ಕೂತು ಉಳಿದದ್ದನ್ನ ಓದಿ ಹೇಳಿದರು. ಆ ಗುರು ಬರೀತಾರೆ, ಇಲ್ಲಿಯವರೆಗೆ ನೀವು ಓದಿದ ಹಾಗೇ ನಾನು ಇಪ್ಪತ್ತು ವರ್ಷ ಕಲಿಸಿದೆ, ಎಷ್ಟೋ ಶಿಷ್ಯರ ಕೈ ಹಾಳು ಮಾಡಿದೆ, ನನ್ನ ಕೈಯನ್ನೂ ಹಾಳು ಮಾಡಿಕೊಂಡೆ. ಅದನ್ನ ಅಳಿಸದೆ ಬಿಟ್ಟಿದ್ದೀನಿ, ತಪ್ಪು ಎಷ್ಟು ನಂಬೋ ಹಾಗೆ ಮಾತಾಡುತ್ತೆ ಅಂತ ನಿಮಗೂ ಗೊತ್ತಾಗಲಿ ಅಂತ. ನೋವು ಹೊಸ್ತಿಲಲ್ಲ, ಬೇಲಿ. ನೋವು ಹೋಗಿ ಬೆರಳು ಮರಗಟ್ಟಿದರೆ ಪಿಯಾನೊ ಮುಚ್ಚಿ ವೈದ್ಯರ ಹತ್ತಿರ ಹೋಗಿ, ಆಮೇಲೂ ನುಡಿಸಿದವರ ಬೆರಳು ವಾಪಸ್ ಬಂದದ್ದನ್ನ ನಾನು ಕಂಡಿಲ್ಲ.

ಹಾಸ್ಟೆಲ್ಲಿಗೆ ಫೋನ್ ಮಾಡಿದೆ. ಪರೀಕ್ಷೆ ಮುಗಿಯೋವರೆಗೆ ಯಾರನ್ನೂ ಕರೆಯಲ್ಲ ಅಂದರು ವಾರ್ಡನ್. ಬೆರಳಿನ ವಿಷಯ ಬಾಯಿ ತುದಿಗೆ ಬಂದಿತ್ತು, ಆದರೆ ಇಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ನೀನು ಬರೆದದ್ದು ನೆನಪಾಗಿ ನುಂಗಿಕೊಂಡೆ. ಒಂದು ಪುಸ್ತಕದ ವಿಷಯ ಅಂತ ಹೇಳಿ ಅಂದೆ. ಪುಸ್ತಕ ತಾನೇ, ಕಾಯುತ್ತೆ ಬಿಡಿ ಅಂತ ನಕ್ಕು ಫೋನ್ ಇಟ್ಟರು.

ಉತ್ತರ ಬರೀ. ಒಂದೇ ಸಾಲು ಸಾಕು. ನಿಲ್ಲಿಸಿದೆ ಅಂತ.

ಅತ್ತೆ


ಮಾರ್ಚ್ ೭

ಅತ್ತೆ,

ನಿಮ್ಮ ಪತ್ರ ಬಂತು, ತೆರೆದಿಲ್ಲ. ದಪ್ಪ ಇದೆ, ಬೈದಿದ್ದೀರ ಅಂತ ಮುಟ್ಟಿದರೇ ಗೊತ್ತಾಗುತ್ತೆ. ಬೈಸಿಕೊಳ್ಳೋ ಕೆಲಸವೇ ಮಾಡಿದ್ದೀನಿ, ಆ ಬ್ರಷ್ಷಿನ ಪತ್ರ ಹಾಕಿದ ಮೇಲೆ ನನಗೇ ಮುಖ ಇಲ್ಲದ ಹಾಗಾಯ್ತು. ಆದರೆ ಈಗ ಓದಿ ಅತ್ತುಬಿಟ್ಟರೆ ಈ ವಾರವೆಲ್ಲ ಹಾಳು. ಹನ್ನೆರಡನೇ ತಾರೀಖು ಸಾಯಂಕಾಲ ಕೂತು ನಿಧಾನವಾಗಿ ಓದ್ತೀನಿ, ಆಮೇಲೆ ತಪ್ಪಾಯ್ತು ಅಂತ ಬರೀತೀನಿ. ವಾರ್ಡನ್ ಹೇಳಿದರು, ನೀವು ಫೋನ್ ಮಾಡಿದ್ದಿರಂತೆ, ಯಾವುದೋ ಪುಸ್ತಕದ ವಿಷಯವಂತೆ. ನಗು ಬಂತು. ಮನೆಗೆ ಬೆಂಕಿ ಬಿದ್ದರೂ ನೀವು ಪುಸ್ತಕದ ವಿಷಯಕ್ಕೇ ಫೋನ್ ಮಾಡೋದು.

ಒಳ್ಳೆ ಸುದ್ದಿ ಕೇಳಿ. ಬೆರಳು ಹೇಳಿದ ಹಾಗೆ ಕೇಳ್ತಿದೆ. ನೋವಿನ ಸುಳಿವೇ ಇಲ್ಲ. ನಿನ್ನೆ ಪೂರ್ತಿ ಎರಡು ಸಲ ನುಡಿಸಿದೆ, ಒಂದು ಕಡೆಯೂ ಮರೆಯಲಿಲ್ಲ. ಮೇಡಂ ಮೊದಲ ಸಲ ಭುಜ ತಟ್ಟಿದರು. ಒಂದೇ ವಿಚಿತ್ರ. ಬೆರಳು ಪಿಯಾನೊ ಕೀಲಿಯ ಮೇಲೆ ಇದೆಯಾ ಇಲ್ಲವಾ ಅಂತ ನೋಡಿದರೆ ಮಾತ್ರ ಗೊತ್ತಾಗುತ್ತೆ. ಅಭ್ಯಾಸ ಆಗುತ್ತೆ ಅಂದುಕೊಂಡಿದ್ದೀನಿ. ಉಳಿದ ದಿನಗಳಲ್ಲಿ ಇನ್ನೂ ಜಾಸ್ತಿ ಮಾಡ್ತೀನಿ.

ನಿಮ್ಮ ಪುಸ್ತಕ ನನ್ನನ್ನ ಉಳಿಸಿತು ಅತ್ತೆ.

ಗುಬ್ಬಿ


ಮಾರ್ಚ್ ೧೨, ಕಾಲೇಜಿನ ಗೇಟು

ಗುಬ್ಬಿ,

ನುಡಿಸಬೇಡ.

ಗೇಟಿನ ಹತ್ತಿರ ಇದ್ದೀನಿ. ಒಳಗೆ ಬಿಡ್ತಿಲ್ಲ. ಕಾವಲಿನವನ ಕೈಕಾಲು ಹಿಡಿದು ಈ ಚೀಟಿ ಕಳಿಸ್ತಿದ್ದೀನಿ. ಬಸ್ಸಿನ ಬೋರ್ಡು ಓದೋಕೆ ಮೇಷ್ಟ್ರು ಜೊತೆಗೆ ಬಂದಿದ್ದಾರೆ.

ಪುಸ್ತಕದ ಉಳಿದರ್ಧ ಬಿಡಿಸಿ ಓದು. ಮೊದಲರ್ಧವನ್ನ ಆ ಗುರುವೇ ತಪ್ಪು ಅಂದಿದ್ದಾರೆ. ನಾನು ಪೂರ್ತಿ ಓದದೆ ನಿನಗೆ ಕೊಟ್ಟೆ. ಮರಗಟ್ಟಿದ ಬೆರಳಲ್ಲಿ ನುಡಿಸಿದರೆ ಅದು ಮತ್ತೆ ಬರಲ್ಲ.

ಓದಿದ ಮೇಲೂ ನುಡಿಸಬೇಕು ಅನ್ನಿಸಿದರೆ ಅಡ್ಡ ಬರಲ್ಲ. ಕೈ ನಿನ್ನದು. ನಾನು ಇಲ್ಲೇ ಕೂತಿರ್ತೀನಿ.

ಅತ್ತೆ


ಏಪ್ರಿಲ್ ೨

ಅತ್ತೆ,

ಈ ಪತ್ರ ಮೇಷ್ಟ್ರ ಕೈಗೆ ಕೊಡಬೇಡಿ. ನೀವೇ ಓದಿ. ಓದೋಕೆ ಆಗುತ್ತೆ.

ಅವತ್ತು ಗೇಟಿನ ಹತ್ತಿರ ನೀವು ಏನೂ ಕೇಳಲಿಲ್ಲ. ನನ್ನ ಕೈ ಹಿಡಿದು, ಆ ಬೆರಳನ್ನ ನಿಮ್ಮ ಮುಷ್ಟಿಯಲ್ಲಿ ಇಟ್ಟುಕೊಂಡು ಕೂತಿರಿ. ನಾನೂ ಹೇಳಲಿಲ್ಲ. ಈಗ ಹೇಳ್ತೀನಿ.

ಕಾವಲಿನವನು ಚೀಟಿ ತಂದಾಗ ಪರೀಕ್ಷೆ ಹಾಲ್‌ನ ಹೊರಗೆ ಬೆಂಚಿನ ಮೇಲಿದ್ದೆ. ನನ್ನ ಮುಂದೆ ಒಬ್ಬನೇ ಇದ್ದ. ಅದನ್ನೂ ಆಮೇಲೆ ನೋಡೋಣ ಅಂತ ಜೇಬಿಗೆ ಹಾಕೋಕೆ ಹೋದೆ. ಆದರೆ ನಿಮ್ಮ ಅಕ್ಷರ ಮಡಚಿದ ಕಾಗದದ ಹಿಂದಿನಿಂದಲೇ ಕಾಣ್ತಿತ್ತು. ಓದಬಾರದು ಅಂದರೂ ಓದಿಸಿಕೊಂಡಿತು. ಪುಸ್ತಕ ಚೀಲದಲ್ಲೇ ಇತ್ತು. ತಲೆಯ ಪಿನ್ನು ತೆಗೆದು ಹಾಳೆ ಬಿಡಿಸಿದೆ. ಮೊದಲ ಪುಟ ಮುಗಿಯೋಷ್ಟರಲ್ಲಿ ಕರೆದರು.

ಒಳಗೆ ಹೋಗಿ ಕೂತೆ ಅತ್ತೆ. ನುಡಿಸಬೇಕು ಅಂತಲೇ ಕೂತೆ. ಇಷ್ಟು ದೂರ ಬಂದಾಗಿದೆ, ಇದೊಂದು ಸಲ, ಆಮೇಲೆ ಏನಾದರೂ ಆಗಲಿ ಅಂದುಕೊಂಡೆ. ಕೈ ಇಟ್ಟೆ. ನಾಲ್ಕು ಬೆರಳಿಗೆ ಕೀಲಿ ತಣ್ಣಗಿತ್ತು. ಉಂಗುರದ ಬೆರಳಿಗೆ ತಣ್ಣಗೂ ಇರಲಿಲ್ಲ, ಬಿಸಿಯೂ ಇರಲಿಲ್ಲ. ಆಗ ನನಗೆ ಹೆದರಿಕೆ ಆಯ್ತು. ಫೇಲಾಗೋ ಹೆದರಿಕೆ ಅಲ್ಲ. ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ.

ಈ ಸಲವೂ ಮರೆತುಹೋಯ್ತಾ ಅಂದರು ಪರೀಕ್ಷಕರು.

ಇಲ್ಲ, ಪೂರ್ತಿ ನೆನಪಿದೆ ಅಂದೆ.

ಬೆರಳಿನ ವಿಷಯ ಹೇಳಿದೆ. ಮೇಡಂ ಎದ್ದು ಬಂದು ನೋಡಿದರು, ಅವರ ಕಣ್ಣಲ್ಲಿ ನೀರಿತ್ತು. ಆದರೆ ನಿಯಮ ನಿಯಮವೇ. ಹೆಸರು ಹೊಡೆದುಹಾಕಿದರು. ಹೋದ ವಾರ ಸಾಮಾನು ಕಟ್ಟಿಕೊಂಡು ಮನೆಗೆ ಬಂದೆ. ಅಪ್ಪ ರಾತ್ರಿಯೆಲ್ಲ ಓಡಾಡ್ತಿದ್ದಾರೆ. ಡಾಕ್ಟರು ಒಂದು ವರ್ಷ ಬಲಗೈಗೆ ಯಾವ ಕೆಲಸವೂ ಬೇಡ ಅಂದಿದ್ದಾರೆ. ಬೆರಳು ಬರುತ್ತಾ ಅಂತ ಕೇಳಿದೆ, ಬರಬಹುದು ಅಂದರು. ಆ 'ಬಹುದು' ಹಿಡಿದುಕೊಂಡು ದಿನ ತಳ್ಳಬೇಕು. ಕೆಲವು ಹೊತ್ತು ನಿಮ್ಮ ಮೇಲೆ ಸಿಟ್ಟು ಉಕ್ಕಿ ಬರುತ್ತೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ನಿಮ್ಮ ಆ ದಪ್ಪ ಲಕೋಟೆ ಕಣ್ಣಿಗೆ ಬೀಳುತ್ತೆ. ತೆರೆಯದೆ ನಾಲ್ಕೈದು ದಿನ ದಿಂಬಿನ ಕೆಳಗೆ ಇಟ್ಟುಕೊಂಡವಳು ನಾನೇ.

ನಿಮ್ಮ ಕಣ್ಣಿನ ಆಪರೇಷನ್ ದಿನ ಗೊತ್ತಾದರೆ ಬರೀರಿ, ಬರ್ತೀನಿ. ಕಮಿಟಿಯವರು ಆಪರೇಷನ್ ಆಗೋವರೆಗೆ ನಿಮ್ಮ ಕುರ್ಚಿ ಕಾಯ್ದಿಡ್ತೀವಿ ಅಂದಿದ್ದು ಕೇಳಿ ಅಪ್ಪ ಒಂದು ರಾತ್ರಿ ಮಲಗಿದರು.

'ಹತ್ತು ಬೆರಳಿನ ಶಾಲೆ'ಯನ್ನ ಕಪಾಟಿಂದ ತೆಗೆದುಹಾಕಿದೆ ಅಂತ ಗೇಟಿನ ಹತ್ತಿರ ಮೇಷ್ಟ್ರಿಗೆ ಹೇಳ್ತಿದ್ದಿರಿ. ವಾಪಸ್ ಇಡಿ. ಉಳಿದರ್ಧ ಮುಗಿಸಿದೆ. ಪಿಯಾನೊ ಬಗ್ಗೆ ಅಷ್ಟು ನಿಜವಾದ ಮಾತನ್ನ ನಾನು ಎಲ್ಲೂ ಓದಿಲ್ಲ. ನನ್ನ ಪ್ರತಿಯನ್ನೇ ಕಳಿಸ್ತಿದ್ದೀನಿ, ಹಾಳೆ ಎಲ್ಲಾ ಬಿಡಿಸಿದ್ದೀನಿ. ಅಂಚು ಅಲ್ಲಲ್ಲಿ ಹರಿದಿದೆ, ಚಾಕುವನ್ನ ಎಡಗೈಯಲ್ಲಿ ಹಿಡಿದಿದ್ದೆ.

ಯಾಕೆ ಓದಬೇಕು ಅನ್ನೋ ಚೀಟಿಯನ್ನೂ ಎಡಗೈಯಲ್ಲೇ ಬರೆದು ಒಳಗಿಟ್ಟಿದ್ದೀನಿ, ಈ ಪತ್ರದ ಹಾಗೇ. ಅಕ್ಷರ ದೊಡ್ಡದಾಯ್ತು ಅಂತ ಬೈಬೇಡಿ. ಇದಕ್ಕಿಂತ ಚಿಕ್ಕದಾಗಿ ಈ ಕೈಗೆ ಬರಲ್ಲ.

ಗುಬ್ಬಿ